ಕುಗ್ಗಿಸಿದ ಮಾತ್ರಕ್ಕೆ ಗುಟ್ಟಾಗುತ್ತದೆಯೇ?

ಮೌನಿ: ಪಠ್ಯವನ್ನು ಹಫ್‌ಮನ್ ಕೋಡಿಂಗ್‌ನಲ್ಲಿ (ಹೆಚ್ಚು ಬರುವ ಅಕ್ಷರಕ್ಕೆ ಚಿಕ್ಕ ಕೋಡ್, ಅಪರೂಪದ್ದಕ್ಕೆ ಉದ್ದ ಕೋಡ್) ಕುಗ್ಗಿಸಿ, ಕೋಡ್‌ಗಳ ಕೋಷ್ಟಕವನ್ನು ಬಚ್ಚಿಟ್ಟುಕೊಂಡರೆ ಸಾಲದೇ? ಒಂದು ಬಿಟ್ಟೂ ನಷ್ಟವಾಗಲ್ಲ, ಕಂಡವರಿಗೆ ಬರೀ ಸೊನ್ನೆ-ಒಂದುಗಳ ರಾಶಿ. ಬೇರೆ ಎನ್‌ಕ್ರಿಪ್ಶನ್ ಯಾಕೆ ಬೇಕು?

ಹಳೇಪ್ರೋಗ್ರಾಮರ್: ಕಣ್ಣಿಗೆ ಕಸದಂತೆ ಕಂಡದ್ದೆಲ್ಲ ಗುಟ್ಟಲ್ಲ ಮಾರಾಯ್ರೆ. ಜಿಪ್ ಫೈಲೂ ಕಸದಂತೆಯೇ ಕಾಣುತ್ತೆ, ಆದರೆ ಮೊದಲ ಎರಡು ಬೈಟ್ 'ಪಿಕೆ' ಅಂತ ತಾನೇ ಹೆಸರು ಹೇಳುತ್ತೆ.

ಮೌನಿ: ನಾನು ಆ ಹೆಸರು ಹೇಳೋ ಮೊದಲ ಭಾಗ, ಅಂದರೆ ಹೆಡರ್ ಕಿತ್ತೇ ಕಳಿಸ್ತೀನಿ.

ಸಂಭವನೀಯ: ಮೌನಿಯವರನ್ನು ಪೂರ್ತಿ ತಳ್ಳಿಹಾಕಬೇಡಿ. 1996ರಲ್ಲಿ ಗಿಲ್‌ಮನ್, ಮೊಹ್ತಶೆಮಿ, ರಿವೆಸ್ಟ್ ಎಂಬ ಸಂಶೋಧಕರು ಇದೇ ಪ್ರಶ್ನೆ ಎತ್ತಿಕೊಂಡಿದ್ದರು. ಕೋಷ್ಟಕ ಗೊತ್ತಿಲ್ಲದಿದ್ದರೆ ಹಫ್‌ಮನ್ ಕೋಡ್ ಬಿಡಿಸೋದು ಅಂದುಕೊಂಡದ್ದಕ್ಕಿಂತ ಕಷ್ಟ ಅಂತ ಕಂಡುಕೊಂಡರು. ಒಂದು ಕೋಡ್ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತು ಅನ್ನೋದೇ ತಿಳಿಯಲ್ಲವಲ್ಲ.

ಹಳೇಪ್ರೋಗ್ರಾಮರ್: ಕಷ್ಟ ಸರಿ, ಅಸಾಧ್ಯವಲ್ಲ. ಮೂಲಪಠ್ಯದ ಒಂದು ತುಂಡು ಎದುರಾಳಿಗೆ ಸಿಕ್ಕಿದರೆ ಕೋಷ್ಟಕ ಬಿಚ್ಚಿಕೊಳ್ಳೋಕೆ ಶುರು. ಅದೇ ಕೋಷ್ಟಕ ಮತ್ತೆ ಮತ್ತೆ ಬಳಸಿದರಂತೂ ಕೇಳಬೇಡಿ.

ಸಂಭವನೀಯ: ಅದು ಒಪ್ಪಿದೆ. ಸಂಕುಚನ ಬೀಗ ಅಲ್ಲ, ಬೀಗಕ್ಕೆ ಬಲ ಕೊಡುವಂಥದ್ದು. ಮಾಹಿತಿ ಸಿದ್ಧಾಂತದ ಶ್ಯಾನನ್ 1949ರಲ್ಲೇ ಲೆಕ್ಕ ಕೊಟ್ಟಿದ್ದಾರೆ: ಕೀಲಿಯ ಎಂಟ್ರೊಪಿಯನ್ನು (ಅದರ ಅನಿಶ್ಚಿತತೆ, ಬಿಟ್ ಲೆಕ್ಕದಲ್ಲಿ) ಭಾಷೆಯ ಪ್ರತಿ ಅಕ್ಷರದ ಪುನರುಕ್ತಿಯಿಂದ (ಮಾಹಿತಿ ಹೊರದ ಹೆಚ್ಚುವರಿ ಬಿಟ್) ಭಾಗಿಸಿ. ಅಷ್ಟು ಅಕ್ಷರಗಳ ಗೂಢಲಿಪಿ ಸಿಕ್ಕರೆ, ಅರ್ಥವಾಗುವ ಉತ್ತರ ಒಂದೇ ಉಳಿಯುತ್ತೆ. ಇಂಗ್ಲಿಷಿನ 26 ಅಕ್ಷರಗಳಿಗೆ ಗರಿಷ್ಠ 4.7 ಬಿಟ್, ನಿಜವಾದ ಮಾಹಿತಿ ಸುಮಾರು 1.3 ಅಂತ ಇಟ್ಟುಕೊಂಡರೆ ಪುನರುಕ್ತಿ 3.4. 128 ಬಿಟ್ ಕೀಲಿಗೆ 38 ಅಕ್ಷರ ಸಾಕು! ಹುಡುಕಲು ಬೇಕಾದ ಕಾಲದ ಮಾತು ಬೇರೆ, ಬಿಡಿ. ಸಂಕುಚನ ಪುನರುಕ್ತಿಯನ್ನು ಸೊನ್ನೆಯ ಹತ್ತಿರ ಒಯ್ದಷ್ಟೂ ಬೇಕಾಗುವ ಅಕ್ಷರಗಳ ಆ ಸಂಖ್ಯೆ ಅನಂತದತ್ತ ಹೋಗುತ್ತೆ.

ನಿಶಾಚರಿ: ಹಾಗಂತ ಕಣ್ಮುಚ್ಚಿ ಕುಗ್ಗಿಸಬೇಡಿ. 2012ರ 'ಕ್ರೈಮ್' (CRIME) ಎಂಬ ಹೆಸರಿನ ದಾಳಿ ನೆನಪಿದೆಯಾ? ಗುಟ್ಟಿನ ಕುಕಿ (ಲಾಗಿನ್ ಗುರುತು) ಹೋಗುವ ಅದೇ ವಿನಂತಿಯೊಳಗೆ ದಾಳಿಕೋರ ತನ್ನ ಊಹೆಯನ್ನೂ ತೂರಿಸುತ್ತಾನೆ. ಊಹೆ ಸರಿಯಿದ್ದರೆ ಪುನರಾವರ್ತನೆ ಸಿಕ್ಕಿ ಸಂದೇಶ ಇನ್ನಷ್ಟು ಕುಗ್ಗುತ್ತೆ. ಎನ್‌ಕ್ರಿಪ್ಶನ್ ಒಳಗಿನದನ್ನು ಮುಚ್ಚುತ್ತೆ, ಉದ್ದವನ್ನು ಮುಚ್ಚಲ್ಲ; ಆ ಉದ್ದ ನೋಡಿಯೇ ಊಹೆ ಸರಿಯೋ ಅಂತ ಗೊತ್ತಾಗುತ್ತೆ. ವೆಬ್ ಸಂಪರ್ಕಕ್ಕೆ ಬೀಗ ಹಾಕುವ ನಿಯಮಾವಳಿಯಾದ ಟಿಎಲ್‌ಎಸ್‌ 1.3ರಲ್ಲಿ ಸಂಕುಚನವನ್ನೇ ಕಿತ್ತುಹಾಕಿದರು.

ಮೌನಿ: ಅಂದರೆ ವೇಷ ಹಾಕಿಸೋಕೆ ಕೋಡಿಂಗ್ ಪ್ರಯೋಜನವೇ ಇಲ್ಲ ಅಂತಾಯಿತು.

ಸಂಭವನೀಯ: ಇದೆ, ಆದರೆ ತಿರುಗಾಮುರುಗಾ. ಮೊದಲು ಎನ್‌ಕ್ರಿಪ್ಟ್ ಮಾಡಿ. ಬಂದ ಯಾದೃಚ್ಛಿಕ ಬಿಟ್‌ಗಳನ್ನು 'ಕುಗ್ಗಿಸಿದ ಫೈಲ್' ಅಂತ ಸುಳ್ಳು ಹೇಳಿ ಡಿಕೋಡರ್‌ಗೆ ಉಣಿಸಿ. ಹೊರಬರೋದು ಮಾಮೂಲಿ ಬರಹದ ಥರ ಕಾಣೋ ಪಠ್ಯ! ಪಡೆದವರು ಅದನ್ನೇ ಕುಗ್ಗಿಸಿದರೆ ಬಿಟ್‌ಗಳು ಹಾಗೇ ವಾಪಸ್. ನಷ್ಟರಹಿತ ಅನ್ನೋದು ನಿಜವಾಗಿ ದುಡಿಯೋದು ಇಲ್ಲಿ.

ಮೌನಿ: ಭಲೇ! ನನ್ನ ಹಫ್‌ಮನ್ ಕೋಡನ್ನೇ ಉಲ್ಟಾ ಓಡಿಸ್ತೀನಿ.

ನಿಶಾಚರಿ: ಸಿಕ್ಕಿಬೀಳ್ತೀರಿ. ಅದರಲ್ಲಿ ಪ್ರತಿ ಅಕ್ಷರದ ಆವರ್ತನ 1/2, 1/4, 1/8 ಹೀಗೇ ಬರುತ್ತೆ. ಯಾವ ಭಾಷೆಯೂ ಅಷ್ಟು ಶಿಸ್ತಾಗಿ ಮಾತಾಡಲ್ಲ. ಅರಿತ್ಮೆಟಿಕ್ ಕೋಡಿಂಗ್ (ಅಕ್ಷರಕ್ಕೆ ಪೂರ್ಣ ಬಿಟ್ಟೇ ಬೇಕೆನ್ನದೆ ಯಾವ ಆವರ್ತನಕ್ಕೂ ಹೊಂದುವ ವಿಧಾನ) ಹಿಡಿಯಿರಿ.

ಹಳೇಪ್ರೋಗ್ರಾಮರ್: ಜೊತೆಗೆ ಒಳ್ಳೇ ಭಾಷಾ ಮಾದರಿಯೂ ಬೇಕು. ಬರೀ ಅಕ್ಷರಗಳ ಎಣಿಕೆ ನಂಬಿದರೆ ಯಂತ್ರಕ್ಕೆ ಸರಿ ಕಾಣೋದು ಮನುಷ್ಯ ಓದಿದರೆ ಬಡಬಡಿಕೆ.