ನೇತ್ರ ಸಹಾಯಕಿಯಾಗಲು ಕಮ್ಯೂನಿಟಿ ಕಾಲೇಜು ಸೇರಬೇಕೇ, ನೇರವಾಗಿ ಕ್ಲಿನಿಕ್ ಸೇರಬೇಕೇ?

ಪ್ರಶ್ನೆ: ಬೆಣ್ಣೆನಗರಿಯವಳು, ಆರೆಗಾನ್

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ಬಿಎಸ್ಸಿ ಮುಗಿಸಿ, ಮದುವೆಯಾಗಿ ಬಂದು ಒಂಬತ್ತು ವರ್ಷಗಳಿಂದ ಪೋರ್ಟ್‌ಲ್ಯಾಂಡ್ ಬಳಿ ನೆಲೆಸಿದ್ದೇನೆ. ಗಂಡನ ಕೆಲಸದ ವೀಸಾವನ್ನು ಅವಲಂಬಿಸಿದ ಎಚ್-4 ವೀಸಾದಲ್ಲಿರುವ ನನಗೆ ಕೆಲಸದ ಪರವಾನಗಿ ಕಳೆದ ವರ್ಷವಷ್ಟೇ ಕೈಸೇರಿತು. ಊರಿನಲ್ಲಿ ಅಮ್ಮನಿಗೆ ನೇತ್ರನರವನ್ನು ಹಾಳುಮಾಡುವ ಗ್ಲಾಕೋಮಾ ಇದೆಯೆಂದು ತಿಳಿಯುವಷ್ಟರಲ್ಲಿ ಒಂದು ಕಣ್ಣಿನ ಪಕ್ಕದ ನೋಟ ಬಹುಪಾಲು ಹೋಗಿಬಿಟ್ಟಿತ್ತು. ಅದುವರೆಗೆ ಅವರ ಕಣ್ಣಿನ ಒತ್ತಡವನ್ನು ಯಾರೂ ಅಳೆದೇ ಇರಲಿಲ್ಲ. ಅಂದಿನಿಂದ ನನ್ನ ಮನಸ್ಸು, ವೈದ್ಯರು ನೋಡುವ ಮೊದಲು ರೋಗಿಗಳ ಕಣ್ಣನ್ನು ಪರೀಕ್ಷಿಸುವ ನೇತ್ರ ಸಹಾಯಕಿಯ ಕೆಲಸದ ಮೇಲೆಯೇ ಇದೆ. ಪೋರ್ಟ್‌ಲ್ಯಾಂಡ್ ಕಮ್ಯೂನಿಟಿ ಕಾಲೇಜಿನಲ್ಲಿ ಇದಕ್ಕೆಂದೇ ಎರಡು ವರ್ಷಗಳ ಕೋರ್ಸ್ ಇದೆ. ಆದರೆ ಕೋರ್ಸಿಲ್ಲದೆ ಕ್ಲಿನಿಕ್ ಸೇರಿ ಕಲಿತವರೂ ಇದ್ದಾರೆಂದು ಕೇಳಿದ್ದೇನೆ. ನನಗೀಗ 34 ವರ್ಷ, ಮಗಳು ಎರಡನೇ ತರಗತಿಯಲ್ಲಿದ್ದಾಳೆ. ಯಾವ ದಾರಿ ಹಿಡಿಯುವುದು ಒಳ್ಳೆಯದು?

ಉತ್ತರ 1: ಮಲೆನಾಡಿನ ಅಕ್ಕ, ಮಿನ್ನೆಸೋಟ

ನಾನು ಹನ್ನೊಂದು ವರ್ಷಗಳಿಂದ ಈ ಕೆಲಸದಲ್ಲಿದ್ದೇನೆ. ಕಾಲೇಜಿನ ಮೆಟ್ಟಿಲು ಹತ್ತದೆ ಕ್ಲಿನಿಕ್ಕಿನಲ್ಲೇ ಕಲಿತವಳಾದರೂ, ನಿಮಗೆ ಮಾತ್ರ ಕಾಲೇಜು ಸೇರಿ ಎಂದೇ ಹೇಳುತ್ತೇನೆ.

ಮೊದಲು ನಿಯಮ. ಇಲ್ಲಿನ ಆರಂಭಿಕ ಪ್ರಮಾಣಪತ್ರ ಸಿಒಎ (ನೇತ್ರ ಸಹಾಯಕರದು); ಅದರ ಮೇಲೆ ಸಿಒಟಿ (ನೇತ್ರ ಟೆಕ್ನಿಷಿಯನ್‌ರದು), ಸಿಒಎಂಟಿ (ನೇತ್ರ ವೈದ್ಯಕೀಯ ಟೆಕ್ನಾಲಜಿಸ್ಟರದು) ಎಂಬ ಎರಡು ಹಂತಗಳಿವೆ. ಕ್ಲಿನಿಕ್ ದಾರಿಯಲ್ಲಿ ಬರುವವರು ನೇತ್ರತಜ್ಞರ ಕೈಕೆಳಗೆ 1000 ಗಂಟೆ ಕೆಲಸ ಮಾಡಿ, ಸ್ವಂತವಾಗಿ ಓದುವ ಕೋರ್ಸೊಂದನ್ನೂ ಮುಗಿಸಿ ಸಿಒಎ ಪರೀಕ್ಷೆಗೆ ಕೂರಬಹುದು; ವಾರಕ್ಕೆ 40 ಗಂಟೆಯಂತೆ ಅದು ಆರು ತಿಂಗಳ ಮಾತು. ಮಾನ್ಯತೆಯಿರುವ ಎರಡು ವರ್ಷಗಳ ಕೋರ್ಸ್ ಮುಗಿಸಿದವರು ನೇರವಾಗಿ ಸಿಒಟಿ ಪರೀಕ್ಷೆಯನ್ನೇ ಬರೆಯಬಹುದು.

ಇನ್ನು ಕಾರಣ. ಕ್ಲಿನಿಕ್ ತನಗೆ ಬೇಕಾದಷ್ಟನ್ನು ಮಾತ್ರ ಕಲಿಸುತ್ತದೆ, ಅದೂ ಅವಸರದಲ್ಲಿ. ನಾನು ಸೇರಿದ ಮೂರನೇ ವಾರ ವೃದ್ಧರೊಬ್ಬರು ಒಂದು ಕಣ್ಣು ಮಂಜಾಗಿದೆಯೆಂದು ಬಂದರು. ಚಾರ್ಟ್ ಓದಿಸಿದೆ, ಒತ್ತಡ ಅಳೆದೆ, ಪಾಪೆ ಹಿಗ್ಗಿಸುವ ಹನಿಯನ್ನೂ ಹಾಕಿದೆ. ಟಾರ್ಚನ್ನು ಒಂದು ಕಣ್ಣಿನಿಂದ ಇನ್ನೊಂದಕ್ಕೆ ಆಡಿಸಿ, ಎರಡೂ ಪಾಪೆಗಳು ಸಮನಾಗಿ ಕುಗ್ಗುತ್ತವೆಯೇ ಎಂದು ನೋಡುವುದನ್ನು ಮಾತ್ರ ಬಿಟ್ಟಿದ್ದೆ. ಹನಿ ಕೆಲಸ ಮಾಡಿದ ಮೇಲೆ ಪಾಪೆ ಬೆಳಕಿಗೆ ಮಿಸುಕುವುದಿಲ್ಲ. ಹೀಗಾಗಿ ನೇತ್ರನರಕ್ಕೆ ಪೆಟ್ಟಾಗಿದೆಯೇ ಎಂಬುದಕ್ಕೆ ಸಿಗಬೇಕಾಗಿದ್ದ ಗುರುತು ಅಂದು ವೈದ್ಯರಿಗೆ ಸಿಗದೆ, ಆ ಹಿರಿಯರು ಮರುದಿನ ಮತ್ತೆ ನಲವತ್ತು ಮೈಲಿ ಬರಬೇಕಾಯಿತು. "ಮೊದಲು ಪಾಪೆ, ಆಮೇಲೆ ಹನಿ" ಎಂದು ನನಗೆ ಹೇಳಿಕೊಟ್ಟವರಿದ್ದರು; ಏಕೆಂದು ಯಾರೂ ಹೇಳಿರಲಿಲ್ಲ. ಆ ಏಕೆ ಎಂಬುದನ್ನು ಬಿಡಿಸಿ ಹೇಳುವ ವ್ಯವಧಾನ ಕಾಲೇಜಿನಲ್ಲಿರುತ್ತದೆ.

ಉತ್ತರ 2: ತುಂಗಾತೀರ, ಟೆಕ್ಸಾಸ್

ಅಕ್ಕನವರ ಮಾತನ್ನು ಒಪ್ಪುತ್ತೇನೆ. ಆದರೂ ಶುಲ್ಕ ಕಟ್ಟುವ ಮೊದಲು ಯಾವುದಾದರೂ ಕ್ಲಿನಿಕ್ಕಿನಲ್ಲಿ ಅನುಮತಿ ಪಡೆದು ಒಂದು ದಿನವಿಡೀ ಕೆಲಸವನ್ನು ನೋಡಿ. ದಿನಕ್ಕೆ ಮೂವತ್ತು ಜನರನ್ನು ಕೂರಿಸಿ, ಎಬ್ಬಿಸಿ, ಅದೇ ಪ್ರಶ್ನೆಯನ್ನು ಅದೇ ತಾಳ್ಮೆಯಿಂದ ಕೇಳುವುದು ಎಲ್ಲರಿಗೂ ಒಗ್ಗುವುದಿಲ್ಲ.

ನಮ್ಮ ಕಡೆಯವರು ಎಡವುವ ಜಾಗವೊಂದಿದೆ, ಅದನ್ನು ಹೇಳಲೇಬೇಕು. ಪ್ರಾಯೋಗಿಕ ತರಬೇತಿಗೆ ಆಸ್ಪತ್ರೆಗೆ ಕಳುಹಿಸುವ ಮೊದಲು ಲಸಿಕೆಗಳ ದಾಖಲೆಯನ್ನೂ ಕ್ಷಯದ ಪರೀಕ್ಷೆಯನ್ನೂ ಕೇಳುತ್ತಾರೆ. ಹುಟ್ಟಿದಾಗ ಕ್ಷಯದ ಲಸಿಕೆಯಾದ ಬಿಸಿಜಿ ಹಾಕಿಸಿಕೊಂಡವರ ತೋಳಿಗೆ ಚುಚ್ಚಿ ನೋಡಿದರೆ, ಕಾಯಿಲೆಯಿಲ್ಲದಿದ್ದರೂ ಕೆಲವೊಮ್ಮೆ ಊದಿಕೊಂಡು ಪಾಸಿಟಿವ್ ಎನಿಸಿಬಿಡುತ್ತದೆ. ರಕ್ತದ ಪರೀಕ್ಷೆಗೆ ಬಿಸಿಜಿಯಿಂದ ಈ ಗೊಂದಲವಿಲ್ಲ. ಮೊದಲೇ ಅದನ್ನು ಕೇಳಿ ಪಡೆಯಿರಿ. ನನ್ನ ತರಬೇತಿ ಇದೊಂದೇ ಕಾರಣಕ್ಕೆ ಐದು ವಾರ ತಡವಾಯಿತು. ಊರಿನ ಲಸಿಕೆ ಕಾರ್ಡ್ ಸಿಗದಿದ್ದರೆ, ದಡಾರ ಮೊದಲಾದವುಗಳ ಪ್ರತಿರೋಧವನ್ನು ರಕ್ತದಲ್ಲೇ ಅಳೆದು ತೋರಿಸಬಹುದು.

ಗಣಿತವನ್ನು ಸ್ವಲ್ಪ ಮೆಲುಕು ಹಾಕಿಕೊಳ್ಳಿ. ಹಳೆಯ ಕನ್ನಡಕವನ್ನು ಲೆನ್ಸೋಮೀಟರಿನಲ್ಲಿಟ್ಟು ನಂಬರ್ ಓದುವಾಗ ಮೂರು ಅಂಕಿ ಬರುತ್ತವೆ: ಮೂಲ ಪವರ್, ಓರೆದೃಷ್ಟಿ ಸರಿಪಡಿಸುವ ಸಿಲಿಂಡರ್ ಪವರ್, ಅದರ ಕೋನ (ಆಕ್ಸಿಸ್). ಅದನ್ನು ಮೈನಸ್ 1.00, ಪ್ಲಸ್ 2.00, ಆಕ್ಸಿಸ್ 90 ಎಂದು ಬರೆದರೂ ಒಂದೇ, ಪ್ಲಸ್ 1.00, ಮೈನಸ್ 2.00, ಆಕ್ಸಿಸ್ 180 ಎಂದು ಬರೆದರೂ ಒಂದೇ. ನೇತ್ರತಜ್ಞರಲ್ಲಿ ಹೆಚ್ಚಿನವರು ಮೊದಲನೆಯ ರೀತಿಯನ್ನೂ ದೃಷ್ಟಿ ಪರೀಕ್ಷಿಸಿ ಕನ್ನಡಕ ಬರೆದುಕೊಡುವ ಆಪ್ಟೋಮೆಟ್ರಿಸ್ಟರು ಎರಡನೆಯದನ್ನೂ ಬಳಸುವುದರಿಂದ, ಒಂದನ್ನು ಇನ್ನೊಂದಕ್ಕೆ ತಿರುಗಿಸುವುದು ನಿಮಗೆ ಬಾಯಿಪಾಠವಾಗಿರಬೇಕು.

ಬೆಣ್ಣೆನಗರಿಯವಳು

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಕಾಲೇಜಿನ ಸಲಹೆಗಾರರನ್ನು ಕಾಣಲು ಸಮಯ ಗೊತ್ತುಪಡಿಸಿಕೊಂಡಿದ್ದೇನೆ. ಒಂದು ಅಳುಕು ಮಾತ್ರ ಉಳಿದಿದೆ: ರೋಗಿಗಳ ಫೋನ್ ಕರೆಗಳನ್ನೂ ಸಹಾಯಕಿಯರೇ ತೆಗೆದುಕೊಳ್ಳಬೇಕೆಂದು ಕೇಳಿದೆ. ಇಲ್ಲಿಯವರು ಬೇಗಬೇಗ ಆಡುವ ಇಂಗ್ಲಿಷ್ ಫೋನಿನಲ್ಲಿ ನನಗೆ ಪೂರ್ತಿ ಹಿಡಿತಕ್ಕೆ ಸಿಗುವುದಿಲ್ಲ.

ಮಲೆನಾಡಿನ ಅಕ್ಕ

ಫೋನಿನಲ್ಲಿ ಎಲ್ಲ ಮಾತೂ ಅರ್ಥವಾಗಬೇಕಿಲ್ಲ, ಅಪಾಯದ ಮಾತು ತಪ್ಪಬಾರದು ಅಷ್ಟೇ. ಕಣ್ಣಿನಲ್ಲಿ ಮಿಂಚು ಹೊಡೆದಂತಾಗುತ್ತದೆ, ಕಪ್ಪು ಚುಕ್ಕೆಗಳು ದಿಢೀರನೆ ಹೆಚ್ಚಿವೆ, ಪಕ್ಕದಿಂದ ಪರದೆ ಇಳಿದಂತಿದೆ ಎಂದರೆ ಅಕ್ಷಿಪಟಲ ಕಳಚುತ್ತಿರಬಹುದು. ಅಂಥವರನ್ನು ಅಂದೇ ಕರೆಸಲು ವೈದ್ಯರಿಗೆ ತಕ್ಷಣ ತಿಳಿಸಬೇಕು. ರಾಸಾಯನಿಕ ಬಿದ್ದಿದೆ ಎಂದರೆ ಹೆಸರನ್ನೂ ಕೇಳುತ್ತಾ ಕೂರದೆ, ಮೊದಲು ನಲ್ಲಿಯ ನೀರಿನಲ್ಲಿ ಕಣ್ಣು ತೊಳೆಯುತ್ತಲೇ ಇರಲು ಹೇಳಬೇಕು. ಕೇಳಿಸಿಕೊಂಡದ್ದನ್ನು ಅವರಿಗೇ ಒಮ್ಮೆ ತಿರುಗಿ ಓದಿ ಹೇಳಿ, "ಸರಿಯಾಗಿದೆಯೇ?" ಎಂದು ಕೇಳಿ; ನಾನು ಇಂದಿಗೂ ಪ್ರತಿ ಕರೆಯಲ್ಲೂ ಹಾಗೆಯೇ ಮಾಡುತ್ತೇನೆ, ಯಾರೂ ಬೇಸರ ಮಾಡಿಕೊಂಡಿಲ್ಲ.