'ಎಣ್ಣೆ ಹಾಕಿ' ಅನ್ನಬೇಕಾ, 'ಪಸೆ ಇರಲಿ' ಅನ್ನಬೇಕಾ? ಹಳೇ ಆಟೋ-5 ಕೋವಿಯ ಕೆಲವು ಪದಗಳು

ಎಲ್ಲರಿಗೂ ನಮಸ್ಕಾರ. ಕೋವಿ ಬಿಚ್ಚಿ, ಒರೆಸಿ ಗೊತ್ತಿರುವವರು, ಅದರಲ್ಲೂ ಕೊಡಗು, ಮಲೆನಾಡಿನ ಕಡೆಯವರು ಸ್ವಲ್ಪ ನೆರವಾಗಬೇಕು.

ವಿಸ್ಕಾನ್ಸಿನ್‌ನಲ್ಲಿರುವ ನಮ್ಮ ಭಾವ ಒಂದು ಹಳೇ ಬ್ರೌನಿಂಗ್ ಆಟೋ-5 ಕೊಂಡಿದ್ದಾರೆ. ಬೆಲ್ಜಿಯಂನ ಎಫ್‌ಎನ್ ಕಾರ್ಖಾನೆಯದು, ಬೆನ್ನ ಮೇಲೆ ಡುಬ್ಬ ಇರುವ ಕೋವಿ. ಜಾನ್ ಬ್ರೌನಿಂಗ್ 1900ರಲ್ಲಿ ಪೇಟೆಂಟ್ ಪಡೆದ ಮಾದರಿ ಇದು, 1998ರವರೆಗೂ ತಯಾರಾಯಿತು. ಭಾವನ ಮಾವ ಈಗ ಅಲ್ಲಿಗೆ ಹೋಗಿದ್ದಾರೆ. ಮಡಿಕೇರಿ ಕಡೆಯವರು. ಕೈಲ್ ಮುಹೂರ್ತಕ್ಕೆ ಜೋಡುನಳಿಗೆ ಕೋವಿ ಒರೆಸಿ ಪೂಜೆಗಿಟ್ಟು ಬೆಳೆದ ಕೈ. ಇದನ್ನೂ ನೋಡಿಕೊಳ್ಳುತ್ತೇನೆ, ಬಿಚ್ಚಿ ಒರೆಸುವ ಬಗೆ ಕನ್ನಡದಲ್ಲಿ ಬರೆದು ಕಳಿಸು ಅಂದರು. ಬರೆಯಲು ಕೂತಾಗ ಪದಗಳ ತೊಡಕು ಶುರುವಾಯಿತು.

ಮೊದಲು ಕೋವಿ ಕೆಲಸ ಮಾಡುವ ಬಗೆ ಹೇಳಿಬಿಡುತ್ತೇನೆ. ಈಡು ಹಾರಿದಾಗ ನಳಿಗೆ, ಅದರ ಹಿಂಬಾಯಿ ಮುಚ್ಚುವ ಬೋಲ್ಟು ಎರಡೂ ಒಟ್ಟಿಗೆ ಹಿಂದಕ್ಕೆ ಸರಿಯುತ್ತವೆ. ನಳಿಗೆಯ ಕೆಳಗೆ ತೋಟೆ ತುಂಬುವ ಕೊಳವೆ ಇದೆ. ಅದರ ಸುತ್ತ ದೊಡ್ಡ ಸ್ಪ್ರಿಂಗು, ಸ್ಪ್ರಿಂಗಿನ ಮುಂದೆ ಸೀಳಿರುವ ಕಂಚಿನ ತುಂಡು. ಇದು ಕೊಳವೆಯನ್ನು ಬಿಗಿಯಾಗಿ ಅಪ್ಪಿ ನಳಿಗೆಗೆ ಬ್ರೇಕು ಹಾಕುತ್ತದೆ. ಜೊತೆಗೊಂದು ಉಕ್ಕಿನ ಸುತ್ತು, ಅದರ ಒಳಅಂಚು ಒಂದು ಕಡೆ ಓರೆ. ಜೋರು ತೋಟೆಗೆ ಇದು ಸ್ಪ್ರಿಂಗಿಗೂ ಕಂಚಿಗೂ ನಡುವೆ ಕೂರಬೇಕು, ಓರೆ ಅಂಚು ಕಂಚಿನ ಕಡೆಗೆ. ಹಗುರ ತೋಟೆಗಾದರೆ ಅಲ್ಲಿಂದ ತೆಗೆದು ಸ್ಪ್ರಿಂಗಿನ ಹಿಂದೆ, ಬುಡದಲ್ಲಿ ಇಡಬೇಕು.

ನನಗೆ ಜಾಸ್ತಿ ತಲೆಬಿಸಿ ಆಗಿರುವುದು ಎಣ್ಣೆಯ ವಿಷಯ. 'ಕೊಳವೆಗೆ ಎಣ್ಣೆ ಹಾಕಿ' ಅಂತ ಬರೆದರೆ ಯಾರಾದರೂ ಧಾರಾಳವಾಗಿ ಸುರಿಯುತ್ತಾರೆ, ಬಾಗಿಲ ತಿರುಗಣಿಗೆ ಹಾಕಿದ ಹಾಗೆ. ಆಗ ಕಂಚು ಜಾರುತ್ತದೆ, ಬ್ರೇಕು ಹಿಡಿಯುವುದಿಲ್ಲ. ಹೆಗಲಿಗೆ ಒದೆತ ಜೋರಾಗುತ್ತದೆ, ಎಡಗೈ ಹಿಡಿಯುವ ಮುಂದಿನ ಮರ ಸೀಳು ಬಿಡುತ್ತದೆ. ಪೂರಾ ಒಣಗಿಸಿದರೆ ತುಕ್ಕು ಹಿಡಿದು ನಳಿಗೆ ಅರ್ಧಕ್ಕೇ ನಿಲ್ಲಬಹುದು, ಖಾಲಿ ತೋಟೆ ಹೊರಬೀಳದೆ ಸಿಕ್ಕಿಕೊಳ್ಳುತ್ತದೆ. 'ಸವರಿ' ಅಂದರೂ ಜಾಸ್ತಿಯೇ ಅನಿಸುತ್ತದೆ. 'ಎಣ್ಣೆಬಟ್ಟೆಯಲ್ಲಿ ಒರೆಸಿ, ಆಮೇಲೆ ಒಣಬಟ್ಟೆಯಲ್ಲಿ ಇನ್ನೊಮ್ಮೆ ಒರೆಸಿ, ಪಸೆ ಮಾತ್ರ ಉಳಿಯಲಿ' ಅಂತ ಬರೆದಿದ್ದೇನೆ. 'ಪಸೆ' ಅಂದರೆ ನಿಮ್ಮ ಕಡೆ ನೀರಿನ ತೇವ ಅಂತ ಮಾತ್ರ ಅರ್ಥವಾ? ಎಣ್ಣೆಗೂ ಹೇಳ್ತಾರಲ್ವಾ?

ಆ ಉಕ್ಕಿನ ಸುತ್ತಿಗೆ ಏನನ್ನಲಿ? ಉಂಗುರ ಎಲ್ಲರಿಗೂ ತಿಳಿಯುತ್ತದೆ. ಆದರೆ ಒನಕೆ ತುದಿಯ ಕಬ್ಬಿಣದ ಕಟ್ಟಿಗೆ 'ಅಣಸು' ಅನ್ನುತ್ತೇವೆ. ಕೊಳವೆಗೆ ತೊಡಿಸುವ ವಸ್ತುವಿಗೆ ಒಗ್ಗುವ ಮಾತು ಅನಿಸಿತು. ಒಂದೇ ತಕರಾರು, ಅಣಸು ಒಮ್ಮೆ ಬಡಿದು ಕೂರಿಸಿದರೆ ಅಲುಗಬಾರದು, ಇದು ದಿನಾ ಜಾಗ ಬದಲಿಸುವಂಥದ್ದು. 'ಬಳೆ' ಸರಿಹೋದೀತಾ?

'ಮುಂದೆ', 'ಹಿಂದೆ' ಕೂಡ ಗೊಂದಲವೇ. ಕೋವಿಯನ್ನು ಮೇಜಿನ ಮೇಲೆ ಮಲಗಿಸಿದಾಗ ಮುಂದೆ ಯಾವುದು? ಹಾಗಾಗಿ ಆ ಕನ್ನಡ ಬರಹದಲ್ಲಿ 'ಬಾಯಿ ಕಡೆ', 'ಹೆಗಲ ಕಡೆ' ಅಂತಲೇ ಉದ್ದಕ್ಕೂ ಬಳಸಿದ್ದೇನೆ. ಉಂಗುರ ತಿರುಗುಮುರುಗಾದರೆ ಬ್ರೇಕಿನ ಲೆಕ್ಕವೇ ತಪ್ಪುತ್ತದೆ, ಹಾಗಾಗಿ ಅದನ್ನೇ ಪದೇಪದೇ ಹೇಳಲು ಸಂಕೋಚ ಮಾಡಿಲ್ಲ.

ಇಂಥ ಕೋವಿಗೆ 'ಅರೆ ಸ್ವಯಂಚಾಲಿತ' ಅನ್ನುವುದು ಪತ್ರಿಕೆಗೆ ಸರಿ, ಮನೆಮಾತಿಗೆ ಭಾರ. 'ತಾನೇ ತೋಟೆ ತುಂಬಿಕೊಳ್ಳುವ ಕೋವಿ' ಅಂದರೆ ವಿಷಯ ತಿಳಿಯುತ್ತದೆ. ಒಂದು ಸಲ ಎಳೆದರೆ ಒಂದೇ ಈಡು ಅನ್ನುವುದನ್ನು ಮಾತ್ರ ಬೇರೆ ಹೇಳಬೇಕಾಗುತ್ತದೆ.

ಇನ್ನು 'ಕುದುರೆ', ಅಂದರೆ ಈಡು ಹಾರಿಸಲು ಬಡಿಯುವ ಸುತ್ತಿಗೆಯಂಥ ತುಂಡು. ಕೇಪಿನ ಕೋವಿಯಲ್ಲಿ ಅದು ಹೊರಗೇ ಕಾಣುತ್ತದೆ, ಹೆಬ್ಬೆರಳಲ್ಲಿ ಎಳೆಯುತ್ತೇವೆ. ಆಟೋ-5ರಲ್ಲಿ ಪೆಟ್ಟಿಗೆಯೊಳಗೆ ಅಡಗಿದೆ. ಅದಕ್ಕೂ ಕುದುರೆ ಅಂದರೆ ಹಿರಿಯರು ಬೆರಳಲ್ಲಿ ಎಳೆಯುವ ಟ್ರಿಗರ್ ಅಂದುಕೊಳ್ತಾರಾ?

ಕೊನೆಗೆ, ನಳಿಗೆ ಕೆಳಗೆ ಎಡಗೈ ಹಿಡಿಯುವ ಮರದ ತುಂಡಿಗೆ ನಿಮ್ಮೂರಲ್ಲಿ ಏನಂತಾರೆ? ತೋಟೆ ಒಂದೂ ಇಲ್ಲ ಅಂತ ನೋಡಿಕೊಂಡು ಕೋವಿ ಬಿಚ್ಚುವಾಗ, ತುದಿಯ ಮುಚ್ಚಳ ತಿರುಗಿಸಿದ ಮೇಲೆ ಕೈಗೆ ಬರುವುದು ಅದೇ. ಸದ್ಯಕ್ಕೆ 'ಮುಂದಿನ ಮರ' ಅಂತ ಬರೆದಿಟ್ಟಿದ್ದೇನೆ.