ದುಃಖಕ್ಕೆ ಮಾತ್ರೆ, ಕೌನ್ಸೆಲಿಂಗ್, ಗುರುಗಳ ಮಾರ್ಗದರ್ಶನ: ಮೂರನ್ನೂ ಒಟ್ಟಿಗೆ ನಡೆಸುವುದು ಹೇಗೆ?

ಮಲೆನಾಡ ಮಳೆ:
ಅಮ್ಮನಿಗೆ 63. ಅಪ್ಪ ಹೋಗಿ ಎಂಟು ತಿಂಗಳು. ನಿದ್ದೆ ಇಲ್ಲ, ಊಟ ಅರ್ಧಕ್ಕೇ ಏಳುತ್ತಾರೆ, ‘ಒಂದು ದಿನ ಮೊದಲೇ ಆಸ್ಪತ್ರೆಗೆ ಸೇರಿಸಿದ್ದಿದ್ರೆ’ ಅನ್ನೋದೊಂದೇ ಮಾತು. ಮನೋವೈದ್ಯರು ಮೂರು ವಾರದ ಹಿಂದೆ ಎಸಿಟಾಲೋಪ್ರಾಮ್ (ಖಿನ್ನತೆಯ ಮಾತ್ರೆ) 10 ಮಿ.ಗ್ರಾಂ. ಶುರು ಮಾಡಿದ್ದಾರೆ, ಕೌನ್ಸೆಲಿಂಗ್ ಕೂಡ ಹೇಳಿದ್ದಾರೆ. ಬಿ.ಪಿ. ಮಾತ್ರೆ ಮೊದಲಿಂದ ಇದೆ. ಏಕಾದಶಿಗೆ ನಿರ್ಜಲ ಉಪವಾಸ, ಅವತ್ತು ಮಾತ್ರೆಯನ್ನೂ ಮುಟ್ಟಲ್ಲ. ಈಗ ‘ಈ ಮಾತ್ರೆ ಕೆಲಸ ಮಾಡ್ತಿಲ್ಲ’, ಹತ್ತು ದಿನದ ವಿಪಶ್ಯನ (ಮೌನ ಧ್ಯಾನದ) ಶಿಬಿರಕ್ಕೆ ಹೋಗಿ ಮಾತ್ರೆ ಬಿಟ್ಟುಬಿಡ್ತೀನಿ ಅಂತಿದ್ದಾರೆ. ನಂಬಿಕೆಗೆ ನೋವಾಗದ ಹಾಗೆ ಚಿಕಿತ್ಸೆ ನಡೆಸೋದು ಹೇಗೆ?

ತುಂಗಾತೀರ:
ಮೊದಲು ಮಾತ್ರೆ ವಿಷಯ. ಮೂರು ವಾರಕ್ಕೇ ‘ಕೆಲಸ ಮಾಡ್ತಿಲ್ಲ’ ಅನ್ನೋದು ಆತುರ. ಇದರ ಗುಣ ಕಾಣೋಕೆ ಎರಡರಿಂದ ನಾಲ್ಕು ವಾರ, ಪೂರ್ತಿ ಗೊತ್ತಾಗೋಕೆ ಆರರಿಂದ ಎಂಟು ವಾರ ಬೇಕು. ಮೊದಲ ದಿನಗಳ ವಾಕರಿಕೆ, ಚಡಪಡಿಕೆ ಹೆಚ್ಚಿನವರಲ್ಲಿ ತಾನಾಗಿ ಇಳಿಯುತ್ತೆ. ಗುಣವಾದ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಿ, ಆಮೇಲೆ ಡಾಕ್ಟರೇ ವಾರಗಳ ಲೆಕ್ಕದಲ್ಲಿ ಇಳಿಸುತ್ತಾರೆ. ದಿಢೀರನೆ ಬಿಟ್ಟರೆ ತಲೆಸುತ್ತು, ತಲೆಯೊಳಗೆ ಕರೆಂಟ್ ಹೊಡೆದ ಹಾಗೆ, ಸಿಡುಕು. ಅದನ್ನು ನೋಡಿ ‘ಕಾಯಿಲೆ ತಿರುಗಿ ಬಂತು’ ಅಂತ ಮನೆಯವರು ಹೆದರುತ್ತಾರೆ.

ಏಕಾದಶಿ ಬಗ್ಗೆ ನನಗೆ ನಿಜವಾದ ಕಳವಳ ಇದೆ. ಒಂದು ದಿನ ಈ ಮಾತ್ರೆ ತಪ್ಪಿದ್ದಕ್ಕೆ ಅನಾಹುತ ಆಗಲ್ಲ (ಮರುದಿನ ಎರಡು ನುಂಗಿಸಬೇಡಿ). ಆದರೆ ಈ ಜಾತಿಯ ಮಾತ್ರೆಗಳು ವಯಸ್ಸಾದವರ ರಕ್ತದಲ್ಲಿ ಸೋಡಿಯಂ ಇಳಿಸಬಹುದು. ಬಿ.ಪಿ. ಮಾತ್ರೆಯಲ್ಲಿ ಮೂತ್ರ ಹೆಚ್ಚಿಸುವ ಔಷಧ ಸೇರಿದ್ದರೆ ಅಪಾಯ ಇನ್ನೂ ಜಾಸ್ತಿ. ಅದರ ಮೇಲೆ ನಿರ್ಜಲ ಉಪವಾಸ, ಇಲ್ಲವೇ ಉಪ್ಪು ಬಿಟ್ಟು ಬರೀ ನೀರು ಕುಡಿಯುವ ವ್ರತ ಬೇಡ. ತಲೆನೋವು, ವಾಕರಿಕೆ, ಓಲಾಟ, ಗೊಂದಲದ ಮಾತು ಕಂಡರೆ ‘ದುಃಖಕ್ಕೆ ಹೀಗಾಡ್ತಾರೆ’ ಅಂದುಕೊಳ್ಳದೆ ಅದೇ ದಿನ ಸೋಡಿಯಂ ಪರೀಕ್ಷೆ ಮಾಡಿಸಿ. ಬಿ.ಪಿ. ಚೀಟಿಯನ್ನು ಮನೋವೈದ್ಯರಿಗೆ ತೋರಿಸಿದ್ದೀರಾ? ಇಲ್ಲದಿದ್ದರೆ ಮುಂದಿನ ಭೇಟಿವರೆಗೆ ಕಾಯಬೇಡಿ, ಫೋನ್ ಮಾಡಿ ಹೇಳಿ. ಮನೆಯಲ್ಲಿ ಯಾರಾದರೂ ಅಶ್ವಗಂಧ ಕೊಡುತ್ತಿದ್ದರೆ ಅದನ್ನೂ ಹೇಳಿ.

ತುಳಸಿಕಟ್ಟೆ:
ವ್ರತದ ಪ್ರಶ್ನೆಗೆ ಉತ್ತರ ಸಂಪ್ರದಾಯದೊಳಗೇ ಇದೆ. ಧರ್ಮಗ್ರಂಥಗಳಲ್ಲಿ ಉದಾಹರಿಸುವ ಹಳೆಯ ಶ್ಲೋಕವೊಂದು ವ್ರತ ಕೆಡಿಸದ ಎಂಟನ್ನು ಹೇಳುತ್ತದೆ: ನೀರು, ಗೆಡ್ಡೆಗೆಣಸು, ಹಣ್ಣು, ಹಾಲು, ಹವಿಸ್ಸು, ಬ್ರಾಹ್ಮಣನ ಅಪೇಕ್ಷೆ, ಗುರುವಿನ ಮಾತು, ಔಷಧ. ಔಷಧ ಆ ಪಟ್ಟಿಯಲ್ಲೇ ಇದೆ, ಗುರುವಚನವೂ ಇದೆ. ಮಕ್ಕಳು ಹೇಳಿದರೆ ‘ನಿಮಗೆ ಶ್ರದ್ಧೆ ಇಲ್ಲ’ ಅನ್ನಿಸಬಹುದು. ಅಮ್ಮ ನಂಬುವ ಗುರುಗಳ ಬಾಯಿಂದಲೇ ‘ಹಾಲು, ಹಣ್ಣು, ಮಾತ್ರೆ ತಗೊಂಡು ಏಕಾದಶಿ ಮಾಡಮ್ಮ’ ಅಂತ ಹೇಳಿಸಿ.

ಶಿಬಿರ ಈಗ ಬೇಡ. ವಿಪಶ್ಯನದ ಬಗ್ಗೆ ಗೌರವದಿಂದಲೇ ಹೇಳುತ್ತಿದ್ದೇನೆ. ಬೆಳಗಿನ ನಾಲ್ಕಕ್ಕೆ ಏಳಬೇಕು, ದಿನಕ್ಕೆ ಸುಮಾರು ಹತ್ತು ಗಂಟೆ ಕೂರಬೇಕು, ಜೊತೆಯವರೊಡನೆ ಮಾತಿಲ್ಲ. ಒಂದೇ ತಪ್ಪಿತಸ್ಥ ಯೋಚನೆ ಸುತ್ತುತ್ತಿರುವ ಮನಸ್ಸಿಗೆ ಅಷ್ಟು ಮೌನ ಕೊಟ್ಟರೆ ಆ ಯೋಚನೆಯೇ ಬೆಳೆಯುತ್ತದೆ. ಅಲ್ಲಿರುವಷ್ಟು ದಿನ ಜಪ, ಪೂಜೆ, ಪ್ರಾರ್ಥನೆಯನ್ನೂ ನಿಲ್ಲಿಸಬೇಕು. ನಿಮ್ಮ ಅಮ್ಮನ ಕೈಗೆ ಸಿಕ್ಕಿರುವ ಊರುಗೋಲೇ ಅದು. ಅರ್ಜಿಯಲ್ಲಿ ಮನೋರೋಗ, ಔಷಧಗಳ ಬಗ್ಗೆ ಕೇಳುತ್ತಾರೆ, ಮುಚ್ಚಿಟ್ಟು ಹೋಗುವುದಂತೂ ಸರಿಯೇ ಅಲ್ಲ.

ಬದಲಿಗೆ ಬೆಳಿಗ್ಗೆ ಹತ್ತು ನಿಮಿಷ ಗಟ್ಟಿಯಾಗಿ ದೇವರನಾಮ, ಸಂಜೆ ತುಳಸಿಗೆ ದೀಪ, ವಾರಕ್ಕೊಮ್ಮೆ ಭಜನಾ ಮಂಡಳಿ. ಒಬ್ಬರೇ ಕಣ್ಮುಚ್ಚಿ ಕೂರುವುದಕ್ಕಿಂತ ನಾಲ್ಕು ಜನರ ನಡುವೆ ದನಿಯೆತ್ತಿ ಹಾಡುವುದು ಈ ಸ್ಥಿತಿಯಲ್ಲಿ ಹಗುರ. ಅಂದಹಾಗೆ, ಅರಿಶಿನ-ಕುಂಕುಮಕ್ಕೆ ಕರೆಯುವುದನ್ನು ನೆರೆಹೊರೆಯವರು ನಿಲ್ಲಿಸಿದ್ದಾರೆಯೇ ಗಮನಿಸಿ. ಗಂಡನ ಜೊತೆಗೇ ಹಬ್ಬ, ಗೆಳತಿಯರು, ದೇವಸ್ಥಾನದ ಓಡಾಟ ಎಲ್ಲವೂ ಕಳೆದುಹೋಗಿರುತ್ತದೆ. ಆ ನಷ್ಟವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಕೇಳುವ ಕಿವಿ:
ತುಳಸಿಕಟ್ಟೆಯವರು ಹೇಳಿದ ದಿನಚರಿಯನ್ನು ಬರೆದು ಥೆರಪಿಸ್ಟ್‌ಗೆ ಕೊಡಿ. ಖಿನ್ನತೆಗೆ ಅವರು ಮಾಡಿಸುವುದೂ ಹೆಚ್ಚುಕಮ್ಮಿ ಇದನ್ನೇ. ಸಣ್ಣ ಕೆಲಸಕ್ಕೆ ಹೊತ್ತು ಗೊತ್ತುಮಾಡಿ, ಮೊದಲು ಮತ್ತು ನಂತರ ಮನಸ್ಸು ಹೇಗಿತ್ತು ಅಂತ ಹತ್ತಕ್ಕೆ ಅಂಕ ಹಾಕಿಸುತ್ತಾರೆ. ದೀಪ ಹಚ್ಚುವ ಮೊದಲು 2, ಆಮೇಲೆ 4 ಬಂದರೆ ಅದು ಉಳಿಯಲಿ. ಗರುಡಪುರಾಣ ಓದಿದ ಮೇಲೆ 1ಕ್ಕೆ ಇಳಿದರೆ ಸದ್ಯಕ್ಕೆ ಪಕ್ಕಕ್ಕಿಡಿ.

‘ಒಂದು ದಿನ ಮೊದಲೇ’ ಅನ್ನುವ ಮಾತಿಗೆ ‘ಹಾಗೆಲ್ಲ ಯೋಚಿಸಬೇಡಮ್ಮ’ ಅಂದರೆ ಅವರು ಬಾಯಿ ಮುಚ್ಚಿಕೊಳ್ಳುತ್ತಾರೆ, ಯೋಚನೆ ನಿಲ್ಲುವುದಿಲ್ಲ. ‘ಎಲ್ಲಾ ಪೂರ್ವಕರ್ಮ’ ಅನ್ನುವ ಸಮಾಧಾನ ಇನ್ನೂ ಕೆಟ್ಟದ್ದು, ತಪ್ಪಿತಸ್ಥ ಭಾವಕ್ಕೆ ಶಾಸ್ತ್ರದ ಮುದ್ರೆ ಒತ್ತಿದಂತೆ. ಥೆರಪಿಯಲ್ಲಿ ಆ ದಿನವನ್ನು ಗಂಟೆಗಂಟೆಯಾಗಿ ಬಿಡಿಸುತ್ತಾರೆ: ಆಗ ಅವರಿಗೆ ಏನು ಗೊತ್ತಿತ್ತು, ಏನು ಆಮೇಲೆ ಗೊತ್ತಾಯಿತು. ವಾರಕ್ಕೊಂದು ಭೇಟಿ, 45–50 ನಿಮಿಷ, ಹನ್ನೆರಡರಿಂದ ಹದಿನಾರು ವಾರ ಹಿಡಿಯಬಹುದು. ಎರಡು ಮೂರು ಭೇಟಿಯ ನಂತರ ಅಳು ಹೆಚ್ಚಾದರೆ ಅಲ್ಲಿಗೇ ಬಿಡಿಸಬೇಡಿ, ಥೆರಪಿಸ್ಟ್‌ಗೆ ತಿಳಿಸಿ. ಮಾಸಿಕಕ್ಕೆ ಮೂರು ನಾಲ್ಕು ದಿನ ಮುಂಚೆ ಸಂಕಟ ಏರುವುದು ಸಹಜ, ಒಂದು ಭೇಟಿಯನ್ನು ಆ ವಾರಕ್ಕೇ ಇಟ್ಟುಕೊಳ್ಳಿ. ವರ್ಷಾಬ್ದಿಕಕ್ಕೆ ಈಗಿಂದಲೇ ತಯಾರಿ ಬೇಕು.

ಕ್ಲಿನಿಕಲ್ ಸೈಕಾಲಜಿಸ್ಟ್ ಅಂದವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರಬೇಕು, ಸಂಖ್ಯೆ ಕೇಳಲು ಸಂಕೋಚ ಬೇಡ. ‘ದೇವರು-ಗಿವರು ಎಲ್ಲ ಬಿಡಿ’ ಅನ್ನುವವರಾದರೆ ಬೇರೆಯವರನ್ನು ನೋಡಿ.

ಮಲೆನಾಡ ಮಳೆ:
ತುಂಬಾ ಉಪಕಾರ. ನಮ್ಮೂರಲ್ಲಿ ಥೆರಪಿಸ್ಟ್ ಇಲ್ಲ. ಇನ್ನೊಂದು, ‘ನಾನೂ ಅವರ ಹಿಂದೆಯೇ ಹೋಗಬೇಕಿತ್ತು’ ಅಂತಾರೆ. ದುಃಖದ ಮಾತು ಅಂತ ಬಿಡಬಹುದಾ?

ಕೇಳುವ ಕಿವಿ:
ಬಿಡಬೇಡಿ. ಇವತ್ತೇ ಪಕ್ಕ ಕೂತು ನೇರವಾಗಿ ಕೇಳಿ: ‘ಅಮ್ಮಾ, ಸಾಯಬೇಕು ಅಂತ ಅನ್ನಿಸ್ತಿದೆಯಾ? ಹೇಗೆ ಅಂತ ಯೋಚಿಸಿದ್ದೀಯಾ?’ ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ‘ಅವರನ್ನು ಸೇರಬೇಕು’ ಅನ್ನುವ ಹಂಬಲ ಒಂದು, ಹೇಗೆ ಅಂತ ಯೋಚಿಸಿಟ್ಟುಕೊಂಡಿರುವುದು ಬೇರೆ. ಹೇಗೆ ಅಂತ ಯೋಚಿಸಿದ್ದರೆ ಒಬ್ಬರನ್ನೇ ಬಿಡದೆ ಅವತ್ತೇ ಆಸ್ಪತ್ರೆಗೆ. ಉತ್ತರ ಏನೇ ಬಂದರೂ ಮನೋವೈದ್ಯರಿಗೆ ಇವತ್ತೇ ತಿಳಿಸಿ. ತೋಟದ ಮನೆಯಾದರೆ ಕ್ರಿಮಿನಾಶಕದ ಡಬ್ಬಿಗಳನ್ನು ಮನೆಯಿಂದಲೇ ಸಾಗಿಸಿ, ಮಾತ್ರೆ ನಿಮ್ಮ ಕೈಲಿರಲಿ.

ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಈಗಲೇ ಫೋನ್ ಮಾಡಿ. ಉಚಿತ, 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಬರುವ ವ್ಯವಸ್ಥೆ ಇದೆ, ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಅಂತ ಆಸ್ಪತ್ರೆಯಲ್ಲಿ ವಿಚಾರಿಸಿ. ವಾರದ ಥೆರಪಿಯನ್ನು ವಿಡಿಯೋ ಕರೆಯಲ್ಲೂ ನಡೆಸಬಹುದು. ಬಾಗಿಲು ಹಾಕಿದ ಕೋಣೆ ಕೊಡಿ, ಮಕ್ಕಳು ಕೇಳಿಸಿಕೊಳ್ಳುವಂತಿದ್ದರೆ ಅಮ್ಮ ಬಾಯಿ ಬಿಡುವುದಿಲ್ಲ.